ಮನೆಗೊಂದು ರಿವಾಜು: ಒಂದೇ ಡ್ರೈವರ್, ಹಲವು ಆಪರೇಟಿಂಗ್ ಸಿಸ್ಟಂ

ಚಿಕ್ಕಬಳ್ಳಾಪುರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ

ನಿಮ್ಮಲ್ಲಿ ಎಷ್ಟು ಜನರ ಮನೆಯಿಂದ ಡೈರಿಗೆ ಹಾಲು ಹೋಗುತ್ತದೆ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಾದರೆ ಡೈರಿಯಿಂದಲೇ ಶುರು ಮಾಡೋಣ. ಡ್ರೈವರ್ ಅಂದರೆ ಒಂದು ಸಾಧನದ ಜೊತೆ ಹೇಗೆ ಮಾತಾಡಬೇಕು ಅಂತ ಆಪರೇಟಿಂಗ್ ಸಿಸ್ಟಂಗೆ ಹೇಳಿಕೊಡುವ ಪ್ರೋಗ್ರಾಂ. ಅದನ್ನು ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಒಯ್ಯೋದು ಹೇಗೆ ಅನ್ನೋದು ಇವತ್ತಿನ ಮಾತು.

ಬೆಳಿಗ್ಗೆ ಆರು ಗಂಟೆ. ಡೈರಿ ಮುಂದೆ ಸಾಲು. ಒಬ್ಬೊಬ್ಬರೇ ಬಂದು ತೂಕದ ಮಷೀನಿನ ಮೇಲಿರುವ ಪಾತ್ರೆಗೆ ಹಾಲು ಸುರಿಯುತ್ತಾರೆ. ಪಕ್ಕದಲ್ಲಿ ಫ್ಯಾಟ್ ನೋಡುವ ಮಷೀನು. ಎರಡರಿಂದಲೂ ಒಂದೊಂದು ವೈರು ಹೊರಟು ಒಂದು ಹಳೇ ಕಂಪ್ಯೂಟರಿಗೆ ಸೇರುತ್ತದೆ. ಚೀಟಿ ಪ್ರಿಂಟ್ ಆಗುತ್ತದೆ. ಚೀಟಿ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ.

ನಮ್ಮೂರಿನ ಡೈರಿಯಲ್ಲಿ ತೂಕ ಓದುವ ಪ್ರೋಗ್ರಾಂ ಬರೆದವನು ನಾನೇ. ವಿಂಡೋಸ್ ಮೇಲೆ ಮೂರು ವರ್ಷ ಸುಮ್ನೆ ಓಡಿತು. ಆಮೇಲೆ ಧೂಳು ಕುಡಿದೂ ಕುಡಿದೂ ಆ ಕಂಪ್ಯೂಟರ್ ಸತ್ತುಹೋಯಿತು. ಅದರ ಜಾಗಕ್ಕೆ ಅಂಗೈಯಷ್ಟು ದೊಡ್ಡ ಲಿನಕ್ಸ್ ಬೋರ್ಡ್ ಒಂದನ್ನು ತಂದೆ. ಪ್ರೋಗ್ರಾಂ ಸಿ ಭಾಷೆಯಲ್ಲಿದೆ, ಸೀರಿಯಲ್ ಪೋರ್ಟ್ (ವೈರಿನಲ್ಲಿ ಅಕ್ಷರಗಳು ಒಂದರ ಹಿಂದೆ ಒಂದು ಬರುವ ಕಿಂಡಿ) ತೆರೆಯುವ ನಾಲ್ಕು ಸಾಲು ಬದಲಾಯಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಬದಲಾಯಿಸಿದೆ. ಕಂಪೈಲ್ ಆಯಿತು. ಬೆಳಿಗ್ಗೆ ಹೋಗಿ ಕೂತೆ.

ಮೊದಲನೇ ಹಾಲು ಬಿತ್ತು. ಮಷೀನಿನ ಮೇಲೆ 8.40 ಅಂತ ಬಂತು. ಮರುಕ್ಷಣ 0.00. ಪಾತ್ರೆಯಲ್ಲಿ ಹಾಲಿದೆ, ತೂಕ ಸೊನ್ನೆ! ಎರಡನೆಯವರದೂ ಅಷ್ಟೇ. ಅಂಕಿ ನಿಂತ ತಕ್ಷಣ ಸೊನ್ನೆಯಾಗುತ್ತಿತ್ತು.

ಕಾರಣ ತಿಳಿಯೋದಕ್ಕೆ ಎರಡು ದಿನ ಹಿಡಿಯಿತು. ಲಿನಕ್ಸಿನಲ್ಲಿ ಸೀರಿಯಲ್ ಪೋರ್ಟನ್ನು ಬರೀ ತೆರೆದರೆ, ಅದು ಆ ಕಡೆ ಒಬ್ಬ ಮನುಷ್ಯ ಕೀಬೋರ್ಡ್ ಹಿಡಿದು ಕೂತಿದ್ದಾನೆ ಅಂತಲೇ ನಂಬುತ್ತದೆ. ಹಳೇ ಟರ್ಮಿನಲ್ ಕಾಲದ ಅಭ್ಯಾಸ. ಅವನು ಒತ್ತಿದ ಅಕ್ಷರ ಅವನಿಗೇ ಕಾಣಲಿ ಅಂತ, ಬಂದದ್ದನ್ನು ಹಾಗೇ ವಾಪಸ್ ಕಳಿಸುತ್ತದೆ. ಇದಕ್ಕೆ ಎಕೋ ಅಂತಾರೆ. ನಮ್ಮ ಮಷೀನು ತೂಕ ಸ್ಥಿರವಾದಾಗ ‘ಎಸ್’, ‘ಟಿ’ ಅನ್ನುವ ಎರಡು ಅಕ್ಷರ ಕಳಿಸಿ, ಆಮೇಲೆ ಅಂಕಿ ಕಳಿಸುತ್ತಿತ್ತು. ಲಿನಕ್ಸ್ ಅದನ್ನು ಅದಕ್ಕೇ ಹಿಂದಕ್ಕೆ ಕಳಿಸಿತು. ಮಷೀನಿನ ಭಾಷೆಯಲ್ಲಿ ‘ಟಿ’ ಬಂದರೆ ‘ಈಗಿರುವ ತೂಕವನ್ನು ಸೊನ್ನೆ ಅಂತ ಹಿಡಿ’ ಎಂದರ್ಥ. ತಾನು ಆಡಿದ ಮಾತನ್ನೇ ಕೇಳಿಸಿಕೊಂಡು, ಯಾರೋ ಹೇಳಿದರು ಅಂತ ಪಾಲಿಸುತ್ತಿತ್ತು ಪಾಪ.

ಎಕೋ ತೆಗೆದು, ಪೋರ್ಟನ್ನು ಕಚ್ಚಾ ಸ್ಥಿತಿಗೆ, ಅಂದರೆ ಬಂದದ್ದನ್ನು ಮುಟ್ಟದೆ ಹಾಗೇ ಕೊಡುವ ಸ್ಥಿತಿಗೆ, ತಂದೆ. ಮರುದಿನ ಇನ್ನೊಂದು ಕಾಟ. 12.45 ಲೀಟರ್ ಹಾಕಿದ ಅಜ್ಜಿಯ ಚೀಟಿಯಲ್ಲಿ 2.45. ಅಜ್ಜಿ ಕೇಳಿದ್ದು: “ಏನಪ್ಪ, ನಮ್ಮ ಹಸ ಒಂದೇ ರಾತ್ರೀಗೆ ಬತ್ತೋಯ್ತಾ?” ಪುಣ್ಯಕ್ಕೆ ಸೆಕ್ರೆಟರಿ ಪುಸ್ತಕದಲ್ಲೂ ಬರೆದುಕೊಳ್ಳುತ್ತಿದ್ದರು.

ಇದರ ಕಾರಣವನ್ನು ನೀವೇ ಊಹಿಸಬಹುದು. ಸೀರಿಯಲ್ ವೈರಿನಲ್ಲಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರ ಬರೋದಕ್ಕೆ ಸುಮಾರು ಒಂದು ಮಿಲಿಸೆಕೆಂಡ್ ಬೇಕು. ವಿಂಡೋಸಿನಲ್ಲಿ ನಾನು ‘ಅಕ್ಷರಗಳ ನಡುವೆ ಬಿಡುವು ಸಿಗೋ ತನಕ ಕಾಯಿ’ ಅಂತ ಹೇಳಿಟ್ಟಿದ್ದೆ. ಹಾಗಾಗಿ ಒಂದು ಓದಿಗೆ ಒಂದು ಪೂರ್ತಿ ಸಾಲು ಸಿಗುತ್ತಿತ್ತು. ಲಿನಕ್ಸಿನಲ್ಲಿ ನಾನು ಇಟ್ಟಿದ್ದ ರೀತಿಯಲ್ಲಿ ಒಂದು ಅಕ್ಷರ ಬಂದರೂ ಸಾಕು, ‘ತಗೋ’ ಅಂತ ಕೊಟ್ಟುಬಿಡುತ್ತದೆ. ‘1’ ಒಂದು ಓದಿಗೆ ಬಂತು, ‘2.45’ ಮುಂದಿನ ಓದಿಗೆ. ತಪ್ಪು ಲಿನಕ್ಸಿನದಲ್ಲ. ಕಚ್ಚಾ ಸ್ಥಿತಿಯಲ್ಲಿ ಒಂದು ಓದು ಅಂದರೆ ಒಂದು ಸಾಲು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ವಿಂಡೋಸ್ ಮೂರು ವರ್ಷ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು, ಅಷ್ಟೇ.

ಇದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗಿನ ಡ್ರೈವರ್ ಅಲ್ಲವಲ್ಲ ಅಂತ ಹಿಂದಿನ ಬೆಂಚಿನವರು ಗೊಣಗುತ್ತಿದ್ದಾರೆ. ಸರಿ, ಅಲ್ಲ. ಸೀರಿಯಲ್ ಪೋರ್ಟಿನ ಡ್ರೈವರ್ ಮೊದಲೇ ಇತ್ತು, ನಾನು ಬರೆದದ್ದು ಅದರ ಹೆಗಲ ಮೇಲೆ ಕೂತ ಪ್ರೋಗ್ರಾಂ. ಆದರೆ ಕಾಯಿಲೆ ಅದೇ. ಕರ್ನಲ್ ಒಳಗೆ ಹೋದರೆ ಜ್ವರ ಇನ್ನೂ ಒಂದೆರಡು ಡಿಗ್ರಿ ಏರುತ್ತದೆ.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಭಾಷೆ ಬದಲಾಯಿಸೋದು ಕಷ್ಟದ ಕೆಲಸವೇ ಅಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದರೆ ನೂಲು ತೆಗೆಯುವ ರೀಲರ್‌ಗಳ ಜೊತೆ ಉರ್ದು. ಒಂದೇ ಲಾಟಿನ ವ್ಯಾಪಾರದಲ್ಲಿ ಮೂರೂ ಬಂದುಹೋಗುತ್ತವೆ. ಮಾತು ಬದಲಾದರೆ ಯಾರೂ ತಡವರಿಸೋದಿಲ್ಲ. ತಡವರಿಸುವುದು ಯಾವಾಗ? ಗೊತ್ತಿಲ್ಲದ ಮನೆಗೆ ಊಟಕ್ಕೆ ಹೋದಾಗ. ಚಪ್ಪಲಿ ಎಲ್ಲಿ ಬಿಡಬೇಕು, ಎಲೆ ಯಾರು ಎತ್ತಬೇಕು, ಹಿರಿಯರು ಏಳೋ ಮುಂಚೆ ಏಳಬಹುದಾ. ಅದು ಮನೆಯ ರಿವಾಜು. ಪದಕೋಶದಲ್ಲಿ ಸಿಗೋದಿಲ್ಲ.

ಡ್ರೈವರನ್ನು ಒಂದು ಆಪರೇಟಿಂಗ್ ಸಿಸ್ಟಂನಿಂದ ಇನ್ನೊಂದಕ್ಕೆ ಒಯ್ಯುವಾಗಲೂ ಅಷ್ಟೇ. ಮೆಮೊರಿ ಬೇಕಾದರೆ ಲಿನಕ್ಸಿನಲ್ಲಿ ಕೆಮ್ಯಾಲಾಕ್, ವಿಂಡೋಸಿನಲ್ಲಿ ಎಕ್ಸ್‌ಅಲೊಕೇಟ್‌ಪೂಲ್. ಹೆಸರಿಗೆ ಹೆಸರು ಹೊಂದಿಸಿ ಒಂದು ಪಟ್ಟಿ ಮಾಡಿದರೆ ಅರ್ಧ ದಿನದ ಕೆಲಸ. ನಾನೂ ಹಾಗೇ ಮಾಡಿದೆ. ಅದರಿಂದ ಬಿದ್ದ ಏಟನ್ನು ಹೇಳುತ್ತೇನೆ ಕೇಳಿ.

ಬೆಂಗಳೂರಿನ ಒಂದು ಕಂಪನಿಯಲ್ಲಿ ಅಳತೆಯ ಕಾರ್ಡ್ ಒಂದಕ್ಕೆ ಡ್ರೈವರ್ ಬರೆಯುತ್ತಿದ್ದೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವ ಕಾರ್ಡು. ಮೊದಲು ಲಿನಕ್ಸಿಗೆ ಬರೆದೆ. ಆಮೇಲೆ ಗ್ರಾಹಕರು ವಿಂಡೋಸಿಗೂ ಬೇಕು ಅಂದರು. ನನ್ನ ಪಟ್ಟಿಯಲ್ಲಿ ಕೆಮ್ಯಾಲಾಕ್ ಎದುರಿಗೆ ವಿಂಡೋಸಿನ ‘ಪೇಜ್ಡ್ ಪೂಲ್’ ಅಂತ ಬರೆದುಕೊಂಡಿದ್ದೆ. ಆಫೀಸಿನಲ್ಲಿ ವಾರಗಟ್ಟಲೆ ಓಡಿತು. ಗ್ರಾಹಕರ ಹತ್ತಿರ ಮಾತ್ರ ಮಧ್ಯಾಹ್ನದ ಹೊತ್ತಿಗೆ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ. ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಅನ್ನುವ ಸಂದೇಶ. ಬೆಳಿಗ್ಗೆ ಸರಿ, ಮಧ್ಯಾಹ್ನ ಬೀಳುತ್ತದೆ.

ಲಿನಕ್ಸಿನಲ್ಲಿ ಕರ್ನಲಿನ ಸ್ವಂತ ಮೆಮೊರಿಯನ್ನು ಡಿಸ್ಕಿಗೆ ಎತ್ತಿಡುವ ಪದ್ಧತಿಯೇ ಇಲ್ಲ. ಒಮ್ಮೆ ತಗೊಂಡರೆ ರ‍್ಯಾಮಿನಲ್ಲೇ ಇರುತ್ತದೆ. ವಿಂಡೋಸಿನಲ್ಲಿ ಎರಡು ಥರ ಉಂಟು. ಒಂದನ್ನು ಡಿಸ್ಕಿಗೆ ಎತ್ತಿಡಬಹುದು (ಅದೇ ಪೇಜ್ಡ್ ಪೂಲ್), ಇನ್ನೊಂದನ್ನು ಎತ್ತಿಡುವಂತಿಲ್ಲ. ಎತ್ತಿಡಬಹುದಾದ ಮೆಮೊರಿಯನ್ನು ಇಂಟರಪ್ಟಿನ (ಸಾಧನ ‘ನನ್ನನ್ನು ನೋಡು’ ಅಂತ ಪ್ರೊಸೆಸರನ್ನು ಕರೆಯೋದು) ಕೆಲಸದ ನಡುವೆ ಮುಟ್ಟಬಾರದು. ಅದು ಆಗ ಡಿಸ್ಕಿನಲ್ಲಿದ್ದರೆ ತರಿಸಿಕೊಳ್ಳೋದಕ್ಕೆ ಕಾಯಬೇಕು, ಆ ಹೊತ್ತಿನಲ್ಲಿ ಕಾಯುವ ಹಾಗಿಲ್ಲ. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ರ‍್ಯಾಮ್ ಬೇಕಾದಷ್ಟಿತ್ತು, ಯಾವುದೂ ಡಿಸ್ಕಿಗೆ ಹೋಗುತ್ತಿರಲಿಲ್ಲ. ಗ್ರಾಹಕರು ಮಧ್ಯಾಹ್ನ ದೊಡ್ಡ ವರದಿಯೊಂದನ್ನು ತೆರೆಯುತ್ತಿದ್ದರು. ರ‍್ಯಾಮ್ ತುಂಬುತ್ತಿತ್ತು. ನನ್ನ ಮೆಮೊರಿ ಡಿಸ್ಕಿಗೆ ಹೋಗುತ್ತಿತ್ತು. ಕಾರ್ಡು ಇಂಟರಪ್ಟ್ ಕೊಡುತ್ತಿತ್ತು. ಪರದೆ ನೀಲಿ.

ಪದದ ಅನುವಾದ ಸರಿಯಾಗೇ ಇತ್ತು, ಅಲ್ವಾ? ಎರಡೂ ‘ಮೆಮೊರಿ ಕೊಡು’ ಅಂತಲೇ ಹೇಳುತ್ತವೆ. ರಿವಾಜು ಬೇರೆ.

ಇಂಟರಪ್ಟ್ ಅಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮತ್ತೆ ಡೈರಿಗೆ ಬನ್ನಿ. ಸಾಲು ನಿಂತಿರುವಾಗ ಸೆಕ್ರೆಟರಿ ಏನು ಮಾಡುತ್ತಾರೆ? ತೂಕ ನೋಡಿ, ಸ್ಯಾಂಪಲ್ ತೆಗೆದು, ಚೀಟಿ ಕೊಟ್ಟು ಕಳಿಸುತ್ತಾರೆ. “ಅಣ್ಣಾ, ಹೋದ ವಾರದ ಬಟವಾಡೆಯಲ್ಲಿ ಎಂಬತ್ತು ರೂಪಾಯಿ ಕಮ್ಮಿ ಬಂದಿದೆ” ಅಂತ ಯಾರಾದರೂ ಕೇಳಿದರೆ “ಎಂಟು ಗಂಟೆ ಮೇಲೆ ಬನ್ನಿ ಅಕ್ಕ” ಅಂತಾರೆ. ಸಾಲಿನ ಹೊತ್ತಿನಲ್ಲಿ ಲೆಕ್ಕದ ಪುಸ್ತಕ ತೆಗೆದು ಕೂತರೆ ಹಿಂದಿರುವವರ ಹಾಲು ಒಡೆಯುತ್ತದೆ. ಸಾಧನ ಇಂಟರಪ್ಟ್ ಕೊಟ್ಟಾಗಲೂ ಕೆಲಸ ಹೀಗೆ ಎರಡು ಪಾಲು. ಮೊದಲಿನದು ಸಾಲಿನ ಹೊತ್ತಿನ ಕೆಲಸ: ‘ಯಾಕೆ ಕರೆದೆ’ ಅಂತ ಕೇಳಿ, ಸುಮ್ಮನಿರಿಸಿ, ಗುರುತು ಹಾಕಿಕೊಂಡು ಹೊರಗೆ ಬರಬೇಕು. ಎರಡನೆಯದು ಎಂಟು ಗಂಟೆ ಮೇಲಿನ ಕೆಲಸ.

ಈ ಎಂಟು ಗಂಟೆ ಮೇಲಿನ ಕೆಲಸದ ರಿವಾಜು ಮನೆಯಿಂದ ಮನೆಗೆ ಬೇರೆ. ವಿಂಡೋಸಿನಲ್ಲಿ ಅದಕ್ಕೆ ಡಿಪಿಸಿ (ಡಿಫರ್ಡ್ ಪ್ರೊಸೀಜರ್ ಕಾಲ್, ಮುಂದೂಡಿದ ಕೆಲಸ) ಅಂತಾರೆ. ಅಲ್ಲೂ ನಿದ್ದೆ ಮಾಡುವಂತಿಲ್ಲ, ಇನ್ನೊಬ್ಬರಿಗಾಗಿ ಕಾಯುವಂತಿಲ್ಲ. ಲಿನಕ್ಸಿನಲ್ಲಿ 2009ರಿಂದ ಇಂಟರಪ್ಟಿಗೆ ಒಂದು ಸ್ವಂತ ಥ್ರೆಡ್ (ಬೇರೆಯಾಗಿ ಓಡುವ ಕೆಲಸದ ಎಳೆ) ಕೇಳಬಹುದು. ಅದರೊಳಗೆ ನಿದ್ದೆಯೂ ಮಾಡಬಹುದು, ಕಾಯಲೂಬಹುದು. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲೂ ಥ್ರೆಡ್ಡೇ, ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯುವ ಬೀಗ, ಅಂದರೆ ಒಂದು ಥರದ ಲಾಕ್) ಹಿಡಿಯಬಹುದು, ಆದರೆ ನಿದ್ದೆ ಹೋಗಬಾರದು. ಮೂರು ಮನೆ, ಮೂರು ರಿವಾಜು. ಮೂರಕ್ಕೂ ಒಂದೇ ಕೋಡ್ ಬೇಕಾದರೆ, ಯಾವ ಮನೆ ಅತಿ ಕಟ್ಟುನಿಟ್ಟೋ ಆ ಮನೆಯ ಹಾಗೆ ನಡೆದುಕೊಳ್ಳಿ. ಕಾಯಲೇಬೇಕಾದ ಕೆಲಸವನ್ನು ಅಲ್ಲಿಂದ ಪೂರ್ತಿ ಹೊರಗೆ ತಳ್ಳಿ. ಸಡಿಲ ಮನೆಯ ಅಭ್ಯಾಸ ಹಿಡಿದು ಬಿಗಿ ಮನೆಗೆ ಹೋದವನೇ ನನ್ನ ಹಾಗೆ ಒದೆ ತಿನ್ನೋದು.

ಅಂಕಿಯ ಗಾತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದು ನಿಮ್ಮ ಪಠ್ಯದಲ್ಲೂ ಬಂದಿರುತ್ತದೆ. ಸಿ ಭಾಷೆಯ ‘ಲಾಂಗ್’ 64 ಬಿಟ್ಟಿನ ಲಿನಕ್ಸಿನಲ್ಲಿ 8 ಬೈಟು, 64 ಬಿಟ್ಟಿನ ವಿಂಡೋಸಿನಲ್ಲಿ 4 ಬೈಟು. ಸಾಧನದ ರಿಜಿಸ್ಟರ್ (ಅದರೊಳಗೆ ಅಂಕಿ ಇಡುವ ಖಾನೆ) 32 ಬಿಟ್ ಇದ್ದರೆ ಬರೆಯುವಾಗಲೂ 32 ಬಿಟ್ ಅಂತ ಹೆಸರಲ್ಲೇ ಇರುವ ಟೈಪ್ ಬಳಸಿ. ಹಲವು ಅಂಕಿಗಳನ್ನು ಒಟ್ಟಿಗೆ ಕಟ್ಟಿದ ಸ್ಟ್ರಕ್ಚರ್ ಇನ್ನೂ ಮೋಸ. ಒಂದು 32 ಬಿಟ್ಟಿನ ಅಂಕಿ, ಅದರ ಹಿಂದೆ ಒಂದು 64 ಬಿಟ್ಟಿನ ಅಂಕಿ ಇಟ್ಟು ಸ್ಟ್ರಕ್ಚರ್ ಮಾಡಿ. ಹಳೇ 32 ಬಿಟ್ಟಿನ ಇಂಟೆಲ್ ಲಿನಕ್ಸಿನಲ್ಲಿ ಅದು 12 ಬೈಟು, 64 ಬಿಟ್ಟಿನದರಲ್ಲಿ 16. ಅಪ್ಲಿಕೇಷನ್ 32 ಬಿಟ್ಟಿನದು, ಕರ್ನಲ್ 64 ಬಿಟ್ಟಿನದು ಅಂತಾದರೆ ಇವನು ಕೊಟ್ಟದ್ದು ಒಂದು, ಅವನು ಓದಿದ್ದು ಇನ್ನೊಂದು. ನಡುವಿನ 4 ಬೈಟನ್ನು ನೀವೇ ಹೆಸರಿಟ್ಟು ತುಂಬಿಸಿಬಿಡಿ, ಕಂಪೈಲರಿನ ಕೈಗೆ ಕೊಡಬೇಡಿ. ಬೈಟುಗಳ ಹಿಂದುಮುಂದು ಕೂಡ ಹಾಗೇ. ಪಿಸಿಐನಲ್ಲಿ ಅಂಕಿಯ ಚಿಕ್ಕ ಬೆಲೆಯ ಬೈಟು ಮೊದಲು, ನೆಟ್‌ವರ್ಕಿನಲ್ಲಿ ದೊಡ್ಡ ಬೆಲೆಯದು ಮೊದಲು. ಬೋರ್‌ವೆಲ್ ಪಂಪಿಗೆ ಹಾಕುವ ಮೀಟರುಗಳನ್ನು ಮಾಡ್‌ಬಸ್ (ಇಂಥ ಯಂತ್ರಗಳು ಮಾತಾಡುವ ನಿಯಮ) ಮೂಲಕ ಓದಿ ನೋಡಿ, ಕೆಲವು ಮೀಟರು 32 ಬಿಟ್ಟಿನ ಅಂಕಿಯ ಎರಡು ಅರ್ಧಗಳನ್ನೇ ಅದಲುಬದಲು ಮಾಡಿ ಕೊಡುತ್ತವೆ. 230 ವೋಲ್ಟ್ ಇರಬೇಕಾದ ಕಡೆ ಏನೇನೋ ಬರುತ್ತದೆ.

ಇದಕ್ಕಿಂತ ಕಷ್ಟದ್ದು ಕೆಲಸಗಳ ಅನುಕ್ರಮ. ನೀವು ಮೆಮೊರಿಯಲ್ಲಿ ಒಂದು ಆದೇಶ ಬರೆದಿಟ್ಟು, ಆಮೇಲೆ ಸಾಧನದ ರಿಜಿಸ್ಟರಿಗೆ ಬರೆದು ‘ಬಾ, ನೋಡು’ ಅಂತ ಕರೆಯುತ್ತೀರಿ. ಈ ಕರೆಗೆ ಡೋರ್‌ಬೆಲ್ ಅಂತಲೇ ಹೆಸರು. ಇಂಟೆಲ್ ಪ್ರೊಸೆಸರ್ ಈ ವಿಷಯದಲ್ಲಿ ಸಭ್ಯಸ್ಥ, ಬರೆದ ಕ್ರಮವನ್ನು ಬಹುಮಟ್ಟಿಗೆ ಉಳಿಸುತ್ತದೆ. ಆರ್ಮ್ ಪ್ರೊಸೆಸರಿನಲ್ಲಿ ಹಾಗಲ್ಲ. ನೀವು ಗಟ್ಟಿಯಾಗಿ ಹೇಳದಿದ್ದರೆ ಹಾಲಿನವನು ಮೊದಲು ಬೆಲ್ ಒತ್ತಿ, ನೀವು ಬಾಗಿಲು ತೆರೆದು ಖಾಲಿ ಪಾತ್ರೆ ನೋಡಿದ ಮೇಲೆ ಹಾಲು ಸುರಿದ ಹಾಗಾಗುತ್ತದೆ. ನಡುವೆ ಒಂದು ತಡೆ ಹಾಕಬೇಕು, ಅದನ್ನು ಬ್ಯಾರಿಯರ್ ಅಂತಾರೆ. ಇಂಟೆಲ್ ಮೇಲೆ ಮಾತ್ರ ಪರೀಕ್ಷೆ ಮಾಡಿದ ಡ್ರೈವರಿನಲ್ಲಿ ಬ್ಯಾರಿಯರ್ ಮರೆತಿದ್ದರೆ ಗೊತ್ತೇ ಆಗೋದಿಲ್ಲ.

ಇಲ್ಲಿ ನೆಟ್‌ಬಿಎಸ್‌ಡಿಯವರ ಹೆಸರು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. 1993ರಲ್ಲಿ ಶುರುವಾದ ಆಪರೇಟಿಂಗ್ ಸಿಸ್ಟಂ ಅದು. ಹತ್ತಾರು ಥರದ ಯಂತ್ರಗಳ ಮೇಲೆ ಓಡಬೇಕು ಅನ್ನುವುದೇ ಅವರ ಹಠ. ಒಂದೇ ನೆಟ್‌ವರ್ಕ್ ಚಿಪ್ಪು ಒಂದು ಯಂತ್ರದಲ್ಲಿ ಪಿಸಿಐ ಮೇಲಿರುತ್ತದೆ, ಇನ್ನೊಂದರಲ್ಲಿ ಬೇರೆ ಬಸ್ಸಿನ (ಸಾಧನವನ್ನು ಯಂತ್ರಕ್ಕೆ ಸೇರಿಸುವ ದಾರಿ) ಮೇಲೆ. ಚಿಪ್ಪಿನ ಬುದ್ಧಿಯನ್ನು ಒಂದು ಕಡೆ, ಬಸ್ಸಿನ ಬುದ್ಧಿಯನ್ನು ಇನ್ನೊಂದು ಕಡೆ ಬರೆದರು. ರಿಜಿಸ್ಟರ್ ಮುಟ್ಟಲು ‘ಬಸ್ ಸ್ಪೇಸ್’, ಮೆಮೊರಿಯನ್ನು ಸಾಧನದ ಜೊತೆ ಹಂಚಿಕೊಳ್ಳಲು ‘ಬಸ್ ಡಿಎಂಎ’. ಡಿಎಂಎ ಅಂದರೆ ಸಾಧನವೇ ನೇರವಾಗಿ ಮೆಮೊರಿಯನ್ನು ಓದೋದು, ಬರೆಯೋದು. ಜೇಸನ್ ಥೋರ್ಪ್ 1998ರಲ್ಲಿ ಈ ಡಿಎಂಎ ಚೌಕಟ್ಟಿನ ಬಗ್ಗೆ ಪ್ರಬಂಧ ಬರೆದರು. ‘ಈ ಮೆಮೊರಿ ಈಗ ಸಾಧನದ ಪಾಲು’, ‘ಈಗ ನನ್ನ ಪಾಲು’ ಅಂತ ಪ್ರತಿ ಸಲವೂ ಬಾಯಿ ಬಿಟ್ಟು ಹೇಳಬೇಕು ಅನ್ನುವ ನಿಯಮ ಅದರಲ್ಲಿದೆ. ಇಂಟೆಲ್ ಯಂತ್ರದಲ್ಲಿ ಆ ಮಾತಿಗೆ ಹೆಚ್ಚು ಕೆಲಸವಿರೋದಿಲ್ಲ, ಆದರೂ ಹೇಳಬೇಕು. ಡ್ರೈವರ್ ಬರೆಯೋದು ಕಲಿಯಬೇಕು ಅನ್ನುವವರಿಗೆ ಲಿನಕ್ಸಿಗಿಂತ ಮೊದಲು ನೆಟ್‌ಬಿಎಸ್‌ಡಿಯ ಒಂದು ಚಿಕ್ಕ ಡ್ರೈವರ್ ಓದಿ ಅಂತ ನಾನು ಹೇಳೋದು ಇದಕ್ಕೇ. ಒಪ್ಪದವರೂ ಇದ್ದಾರೆ, ಇರಲಿ.

ಈಗ ಕತ್ತರಿಸುವ ಪ್ರಶ್ನೆ. ಡ್ರೈವರನ್ನು ಎಲ್ಲಿ ಎರಡು ಭಾಗ ಮಾಡಬೇಕು? ಇದಕ್ಕೆ ರೇಷ್ಮೆ ಹುಳುವಿನ ಮನೆಗೆ ಹೋಗೋಣ. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, 27–28 ಡಿಗ್ರಿ ಶಾಖ, ಶೇಕಡಾ 85–90ರಷ್ಟು ತೇವ ಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಕಳೆದು ದೊಡ್ಡದಾದ ಮೇಲೆ 24–25 ಡಿಗ್ರಿ, ತೇವ 70ರ ಹತ್ತಿರ ಸಾಕು. ಇದನ್ನು ನನಗಿಂತ ನಿಮ್ಮ ಮನೆಯವರು ಚೆನ್ನಾಗಿ ಬಲ್ಲರು. ನಮ್ಮ ಸಂಬಂಧಿಕರ ಹುಳುಮನೆಗೆ ನಾನು ಬಾಷ್ ಕಂಪನಿಯ ಬಿಎಂಇ280 ಅನ್ನುವ ಸೆನ್ಸರ್ ಹಾಕಿದೆ. ಉಗುರಿನ ತುದಿಯಷ್ಟು ಚಿಪ್ಪು. ಶಾಖ, ತೇವ, ಗಾಳಿಯ ಒತ್ತಡ ಮೂರನ್ನೂ ಅಳೆಯುತ್ತದೆ.

ಈ ಸೆನ್ಸರಿಗೆ ಕಂಪನಿಯವರೇ ಬರೆದ ಸಿ ಕೋಡ್ ಇದೆ. ಅದನ್ನು ತೆರೆದು ನೋಡಿ. ಲಿನಕ್ಸ್ ಇಲ್ಲ, ವಿಂಡೋಸ್ ಇಲ್ಲ. ನೀವು ಅದಕ್ಕೆ ಮೂರು ಫಂಕ್ಷನ್ ಕೊಡಬೇಕು: ಬೈಟು ಓದೋದು, ಬೈಟು ಬರೆಯೋದು, ಇಷ್ಟು ಮೈಕ್ರೋಸೆಕೆಂಡ್ ಕಾಯೋದು. ಮಿಕ್ಕದ್ದೆಲ್ಲ ಅದರದು. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಬರೆದಿಟ್ಟ ತಿದ್ದುಪಡಿ ಅಂಕಿಗಳಿರುತ್ತವೆ. ಹಸಿ ಅಳತೆಗೆ ಆ ಅಂಕಿಗಳನ್ನು ಸೇರಿಸಿ ಉದ್ದದ ಲೆಕ್ಕ ಮಾಡಿದರೆ ಡಿಗ್ರಿ ಸಿಗುತ್ತದೆ. ಆ ಲೆಕ್ಕಕ್ಕೂ ಆಪರೇಟಿಂಗ್ ಸಿಸ್ಟಂಗೂ ಸಂಬಂಧವೇ ಇಲ್ಲ. ಹಾಗಾಗಿ ಅದೇ ಕೋಡು ಅಂಗೈ ಬೋರ್ಡಿನಲ್ಲೂ ಓಡಿತು, ಆಪರೇಟಿಂಗ್ ಸಿಸ್ಟಂ ಇಲ್ಲದ ಸಣ್ಣ ಮೈಕ್ರೋಕಂಟ್ರೋಲರಿನಲ್ಲೂ ಓಡಿತು.

ಮಧ್ಯೆ ಒಂದು ಮಾತು. ಈ ಸೆನ್ಸರ್ ಕೊಳ್ಳುವಾಗ ಹುಷಾರು. ಬಿಎಂಇ ಅಂತ ಹೇಳಿ ಬಿಎಂಪಿ280 ಕೊಡುತ್ತಾರೆ. ನೋಡೋದಕ್ಕೆ ಅಕ್ಕತಂಗಿಯರು, ಆದರೆ ಬಿಎಂಪಿಗೆ ತೇವ ಅಳೆಯೋದು ಬರೋದಿಲ್ಲ. ಚಿಪ್ಪಿನ ಗುರುತಿನ ರಿಜಿಸ್ಟರ್ ಓದಿದರೆ ಹೆಕ್ಸಿನಲ್ಲಿ (ಹದಿನಾರರ ಎಣಿಕೆ) 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ನಾನು ತಂದ ಐದರಲ್ಲಿ ಎರಡು 58. ಡ್ರೈವರಿನ ಮೊದಲ ಕೆಲಸ ಗುರುತು ಕೇಳೋದು ಅಂತ ಮೇಷ್ಟ್ರು ಹೇಳಿದ್ದು ಸುಮ್ನೆ ಅಲ್ಲ.

ಆ ಕೋಡಿನಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶ ಉಂಟು. ಅದು ಕಾಯುವ ಫಂಕ್ಷನ್. ಮೈಕ್ರೋಕಂಟ್ರೋಲರಿನಲ್ಲಿ ಕಾಯೋದು ಅಂದರೆ ಸುಮ್ನೆ ಸುತ್ತೋದು, ಯಾರೂ ಕೇಳೋರಿಲ್ಲ. ಲಿನಕ್ಸ್ ಕರ್ನಲಿನಲ್ಲಿ ಕೆಲವೇ ಮೈಕ್ರೋಸೆಕೆಂಡಾದರೆ ಸುತ್ತುತ್ತಾ ಕಾಯಬೇಕು, ಹತ್ತಕ್ಕಿಂತ ಜಾಸ್ತಿಯಾದರೆ ನಿದ್ದೆ ಹೋಗಬೇಕು, ಇಪ್ಪತ್ತು ಮಿಲಿಸೆಕೆಂಡ್ ದಾಟಿದರೆ ಇನ್ನೊಂದು ಥರದ ನಿದ್ದೆ. ಇಂಟರಪ್ಟಿನ ನಡುವೆ ನಿದ್ದೆಯೇ ಇಲ್ಲ. ಅಂದರೆ ಕಾಯೋದು ಪೂರ್ತಿ ಮನೆಯ ರಿವಾಜಿಗೆ ಸೇರಿದ್ದು. ಅದನ್ನು ಚಿಪ್ಪಿನ ಬುದ್ಧಿಯ ಒಳಗೆ ಇಡಬಾರದು. ನನ್ನ ಕೋಡಿನಲ್ಲಿ ಒಳಗಿನ ಭಾಗ, ಅಂದರೆ ಚಿಪ್ಪಿನ ಬುದ್ಧಿ, ಯಾವತ್ತೂ ಕಾಯೋದಿಲ್ಲ. ‘ಈ ಬೈಟು ಬರೆ, 750 ಮಿಲಿಸೆಕೆಂಡ್ ಬಿಟ್ಟು ನನ್ನನ್ನು ಮತ್ತೆ ಕರಿ’ ಅಂತ ಉತ್ತರ ಕೊಟ್ಟು ಹೊರಗೆ ಬರುತ್ತದೆ. 750 ಅಂದದ್ದು ಡಿಎಸ್18ಬಿ20 ಅನ್ನುವ ಶಾಖದ ಸೆನ್ಸರಿನ ಲೆಕ್ಕ, 12 ಬಿಟ್ಟಿನ ಅಳತೆಗೆ ಅದು ಅಷ್ಟು ಹೊತ್ತು ತಗೊಳ್ಳುತ್ತದೆ. ಹೇಗೆ ಕಾಯಬೇಕು ಅನ್ನೋದು ಹೊರಗಿನವರ ತಲೆನೋವು. ಒಳಗಿನ ಭಾಗ ಲಾಕ್ ಹಿಡಿಯೋದಿಲ್ಲ, ಥ್ರೆಡ್ ಹುಟ್ಟಿಸೋದಿಲ್ಲ, ಮೆಮೊರಿ ಕೇಳೋದಿಲ್ಲ. ಬೈಟು ಕೊಟ್ಟರೆ ತಿನ್ನುತ್ತದೆ, ಮುಂದೇನು ಅಂತ ಹೇಳುತ್ತದೆ. ಡೈರಿಯ ಪ್ರೋಗ್ರಾಮನ್ನೂ ಕೊನೆಗೆ ಹೀಗೇ ತಿದ್ದಿದೆ. ಒಂದೊಂದೇ ಅಕ್ಷರ ಕೊಡಿ, ಹತ್ತು ಒಟ್ಟಿಗೆ ಕೊಡಿ, ಸಾಲು ಮುಗಿದಾಗ ಮಾತ್ರ ತೂಕ ಹೇಳುತ್ತದೆ.

ಕೆಲವರು ಇದಕ್ಕೆ ಉಲ್ಟಾ ಮಾಡುತ್ತಾರೆ. ಎಲ್ಲ ಆಪರೇಟಿಂಗ್ ಸಿಸ್ಟಂಗಳ ಲಾಕು, ಥ್ರೆಡ್ಡು, ಟೈಮರುಗಳಿಗೆಲ್ಲ ತಮ್ಮದೇ ಹೆಸರಿಟ್ಟು ಒಂದು ಪದರ ಕಟ್ಟುತ್ತಾರೆ. ಕಟ್ಟುತ್ತಾ ಕಟ್ಟುತ್ತಾ ಅದೇ ಒಂದು ಸಣ್ಣ ಆಪರೇಟಿಂಗ್ ಸಿಸ್ಟಂ ಆಗುತ್ತದೆ. ಅದರಲ್ಲೂ ಬಗ್ ಇರುತ್ತದೆ, ಅದನ್ನು ರಿಪೇರಿ ಮಾಡೋದಕ್ಕೆ ಹೊರಗಿನವರು ಯಾರೂ ಬರೋದಿಲ್ಲ.

ಹಾಗಂತ ಪದರವೇ ಬೇಡ ಅನ್ನುತ್ತಿಲ್ಲ. ದೊಡ್ಡವರೂ ಮಾಡಿದ್ದಾರೆ. ಇಂಟೆಲ್ ಈಥರ್ನೆಟ್ ಚಿಪ್ಪುಗಳ ಕೋಡನ್ನು ಫ್ರೀಬಿಎಸ್‌ಡಿಯಲ್ಲಿ ನೋಡಿ. ಚಿಪ್ಪಿನ ಫೈಲುಗಳೆಲ್ಲ ಒಂದು ಕಡೆ, ಆಪರೇಟಿಂಗ್ ಸಿಸ್ಟಂಗೆ ಅಂಟಿದ್ದೆಲ್ಲ ‘ಓಎಸ್‌ಡೆಪ್’ ಅನ್ನುವ ಹೆಸರಿನ ಫೈಲಿನಲ್ಲಿ. ಕರ್ನಲನ್ನು ಬಿಟ್ಟು ನೇರವಾಗಿ ನೆಟ್‌ವರ್ಕ್ ಕಾರ್ಡ್ ಓಡಿಸುವ ಡಿಪಿಡಿಕೆಯಲ್ಲೂ ಅದೇ ಚಿಪ್ಪಿನ ಫೈಲುಗಳಿವೆ, ಓಎಸ್‌ಡೆಪ್ ಮಾತ್ರ ಬೇರೆ. ಯಂತ್ರದ ವಿದ್ಯುತ್ತು, ಸಾಧನಗಳ ವಿವರ ನೋಡಿಕೊಳ್ಳುವ ಎಸಿಪಿಐ ಕೋಡ್ ಕೂಡ ಹಾಗೇ, ಲಿನಕ್ಸ್ ಫ್ರೀಬಿಎಸ್‌ಡಿ ಎರಡರಲ್ಲೂ ಓಡೋದು ಒಂದೇ ಮೂಲ. ತಮಾಷೆ ಏನೆಂದರೆ, ಆ ಕೋಡಿನ ಬರವಣಿಗೆಯ ಶೈಲಿ ಲಿನಕ್ಸಿನವರಿಗೆ ಹಿಡಿಸೋದಿಲ್ಲ. ಅದಕ್ಕೆ ಸ್ಕ್ರಿಪ್ಟ್ ಓಡಿಸಿ, ಲಿನಕ್ಸ್ ಶೈಲಿಗೆ ವೇಷ ಬದಲಿಸಿ ಒಳಗೆ ಬಿಡುತ್ತಾರೆ.

ಇನ್ನೂ ದೊಡ್ಡ ಆಸೆ ಇಟ್ಟುಕೊಂಡವರೂ ಇದ್ದರು. 1999ರಲ್ಲಿ ಯುಡಿಐ (ಯೂನಿಫಾರ್ಮ್ ಡ್ರೈವರ್ ಇಂಟರ್‌ಫೇಸ್) ಅನ್ನುವ ನಿಯಮಾವಳಿ ಬಂತು. ಎಲ್ಲ ಆಪರೇಟಿಂಗ್ ಸಿಸ್ಟಂಗೂ ಒಂದೇ ಡ್ರೈವರ್, ಬರೆದವರು ಒಮ್ಮೆ ಬರೆದರೆ ಸಾಕು ಅನ್ನುವ ಕನಸು. ಲಿನಕ್ಸಿನವರು ಹತ್ತಿರ ಸೇರಿಸಲಿಲ್ಲ. ಮುಕ್ತ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಅದನ್ನು ವಿರೋಧಿಸಿಯೇ ಬರೆದರು. ಕೋಡ್ ತೋರಿಸದ ಮುಚ್ಚಿದ ಡ್ರೈವರುಗಳಿಗೆ ಅದು ಬಾಗಿಲು ತೆರೆಯುತ್ತದೆ ಅನ್ನುವುದು ಅವರ ವಾದ. ಲಿನಕ್ಸ್ ಇವತ್ತಿಗೂ ಕರ್ನಲ್ ಒಳಗಿನ ಫಂಕ್ಷನ್ನುಗಳು ಹಾಗೇ ಇರುತ್ತವೆ ಅಂತ ಮಾತು ಕೊಡೋದಿಲ್ಲ. ಬೇಕಾದಾಗ ಬದಲಾಯಿಸುತ್ತಾರೆ, ನಿಮ್ಮ ಡ್ರೈವರ್ ಅವರ ಗಂಟಿನಲ್ಲೇ ಇದ್ದರೆ ಅದನ್ನೂ ಅವರೇ ತಿದ್ದುತ್ತಾರೆ. ಹೊರಗಿದ್ದರೆ ನಿಮ್ಮ ಕರ್ಮ.

ಯುಡಿಐ ಹೋಯಿತು, ಆದರೆ ಆಸೆ ಬೇರೆ ದಾರಿ ಹಿಡಿಯಿತು. ಡ್ರೈವರನ್ನು ಒಂದೇ ಮಾಡುವ ಬದಲು ಸಾಧನವನ್ನೇ ಒಂದೇ ಥರ ಮಾಡಿದರು. ಇವತ್ತು ಯಾವ ಕಂಪನಿಯ ಪೆನ್‌ಡ್ರೈವ್ ತಂದರೂ ಡ್ರೈವರ್ ಹಾಕೋದಿಲ್ಲ ನೀವು. ಯುಎಸ್‌ಬಿಯವರು ‘ಸ್ಟೋರೇಜ್ ಅಂದರೆ ಹೀಗೆ ಮಾತಾಡಬೇಕು’ ಅಂತ ಗೊತ್ತು ಮಾಡಿಟ್ಟಿದ್ದಾರೆ. ಎನ್‌ವಿಎಂಇ ಡಿಸ್ಕು ಹಾಗೇ. ವರ್ಚುವಲ್ ಯಂತ್ರಗಳಲ್ಲಿ (ಒಂದು ಕಂಪ್ಯೂಟರಿನೊಳಗೆ ಓಡುವ ತೋರಿಕೆಯ ಕಂಪ್ಯೂಟರು) ವರ್ಟಿಯೊ ಹಾಗೇ, ಅದರ ಬಗ್ಗೆ ಲಿನಕ್ಸಿನ ರಸ್ಟಿ ರಸೆಲ್ 2008ರಲ್ಲಿ ಪ್ರಬಂಧ ಬರೆದರು. ನೀವೇ ಸಾಧನ ಮಾಡುವವರಾದರೆ ನನ್ನ ಮೊದಲ ಸಲಹೆ ಇದು: ಇರುವ ಯಾವುದಾದರೂ ಯುಎಸ್‌ಬಿ ವರ್ಗಕ್ಕೆ ಸೇರಿಕೊಳ್ಳಿ. ಡ್ರೈವರ್ ಬರೆಯುವ ಕೆಲಸವೇ ತಪ್ಪುತ್ತದೆ.

ಸೇರೋದಕ್ಕೆ ಆಗದಿದ್ದರೆ ಕರ್ನಲಿನ ಹೊರಗೇ ಬರೆಯಲು ನೋಡಿ. ಲಿಬ್‌ಯುಎಸ್‌ಬಿ ಅನ್ನುವ ಸಿದ್ಧ ಕೋಡ್ ಇದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಆಪಲ್ 2019ರಲ್ಲಿ ಡ್ರೈವರ್‌ಕಿಟ್ ತಂದು ಡ್ರೈವರುಗಳನ್ನು ಕರ್ನಲಿನಿಂದ ಹೊರಗೆ ಕಳಿಸಲು ಶುರು ಮಾಡಿತು. ಹೊರಗೆ ಬಿದ್ದರೆ ಒಂದು ಪ್ರೋಗ್ರಾಂ ಬೀಳುತ್ತದೆ. ಒಳಗೆ ಬಿದ್ದರೆ ಏನಾಗುತ್ತದೆ ಅಂತ 2024ರ ಜುಲೈ 19ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ಅಪ್‌ಡೇಟು, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರು ನೀಲಿ.

ಕೊನೆಗೆ ಪರೀಕ್ಷೆ. ಎರಡು ಭಾಗ ಮಾಡಿದ್ದರ ನಿಜವಾದ ಲಾಭ ನನಗೆ ಸಿಕ್ಕಿದ್ದು ಇಲ್ಲಿ. ಹುಳುಮನೆಗೆ ಪ್ರತಿ ಸಲ ಓಡೋದಕ್ಕಾಗೋದಿಲ್ಲ. ಬೆಳೆ ನಡೆಯುವಾಗ ಹೊರಗಿನವರನ್ನು ಒಳಗೆ ಬಿಡೋದೂ ಇಲ್ಲ, ಸೋಂಕಿನ ಭಯ. ಒಂದು ವಾರದ ಬೈಟುಗಳನ್ನೆಲ್ಲ ಫೈಲಿಗೆ ಬರೆಸಿಕೊಂಡೆ. ಮನೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ‘ಓದು’ ಅಂದರೆ ಆ ಫೈಲಿನಿಂದ ಕೊಡುವ ಸುಳ್ಳು ಫಂಕ್ಷನ್ ಒಂದನ್ನು ಬರೆದೆ. ಒಳಗಿನ ಭಾಗಕ್ಕೆ ವ್ಯತ್ಯಾಸವೇ ತಿಳಿಯಲಿಲ್ಲ. ಆಮೇಲೆ ಬೇಕೆಂದೇ ಕಾಟ ಕೊಟ್ಟೆ. ನಡುವೆ ಒಂದು ಬೈಟು ನುಂಗಿದೆ, ಉತ್ತರವೇ ಕೊಡದೆ ಸುಮ್ಮನಿದ್ದೆ, ಗುರುತು 58 ಅಂತ ಹೇಳಿದೆ. ವೈರು ಸಡಿಲವಾದರೆ ಏನಾಗುತ್ತದೆ ಅಂತ ಹುಳುಮನೆಯಲ್ಲಿ ಕಲಿಯೋದಕ್ಕಿಂತ ಇದು ವಾಸಿ. ಡ್ರೈವರ್ ಬರೆಯುವ ಮೊದಲ ದಿನವೇ ಈ ಸುಳ್ಳು ಸಾಧನವನ್ನೂ ಬರೆಯಿರಿ. ವಿಂಡೋಸ್, ಲಿನಕ್ಸ್, ಸುಳ್ಳು ಸಾಧನ, ಈ ಮೂರರಲ್ಲಿ ಓಡಿದರೆ ನಾಲ್ಕನೆಯದು ಬಂದಾಗ ನಿದ್ದೆ ಕೆಡೋದಿಲ್ಲ. ಐದಾರು ಮನೆಗೆ ಮೊದಲೇ ಸಿದ್ಧವಾಗೋದು ಬೇಡ, ಯಾರೂ ಕರೆಯದ ಮನೆಗೆ ಯಾಕೆ ಹೊಸ ಬಟ್ಟೆ?

ರಸ್ಟ್ ಭಾಷೆಯಲ್ಲಿ ಬರೆದರೆ ಈ ತಾಪತ್ರಯವೆಲ್ಲ ತಪ್ಪುತ್ತದಾ ಅಂತ ಒಬ್ಬರು ಕೇಳಿದರು. 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1ರಿಂದ ಕರ್ನಲಿನಲ್ಲಿ ರಸ್ಟಿಗೆ ಜಾಗ ಸಿಕ್ಕಿದೆ. ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವಂಥ ತಪ್ಪುಗಳು ಕಮ್ಮಿಯಾಗುತ್ತವೆ. ಆದರೆ ಎಕೋ ಹಾಕಿರುವ ಪೋರ್ಟು ರಸ್ಟಿನಲ್ಲಿ ತೆರೆದರೂ ಎಕೋ ಹಾಕಿಯೇ ಇರುತ್ತದೆ.

ಇನ್ನೊಬ್ಬರ ಪ್ರಶ್ನೆ: ಲಿನಕ್ಸ್ ಕರ್ನಲಿಗೆ ನಮ್ಮ ಡ್ರೈವರ್ ಸೇರಿಸಬೇಕಾದರೆ ಈ ಎರಡು ಭಾಗದ ಪದ್ಧತಿ ಒಪ್ಪುತ್ತಾರಾ? ಬೇರೆ ಸಿಸ್ಟಂಗಾಗಿ ಇಟ್ಟ ಪದರ ಕಂಡರೆ ‘ತೆಗೆಯಿರಿ’ ಅಂತಾರೆ. ಆದರೆ ಒಳಗಿನ ಭಾಗ ಕಾಯದೆ, ಲಾಕ್ ಹಿಡಿಯದೆ, ಬರೀ ಲೆಕ್ಕ ಮಾಡುವಂತಿದ್ದರೆ ಅದು ಪದರದ ಹಾಗೆ ಕಾಣೋದೇ ಇಲ್ಲ, ಸಾಮಾನ್ಯ ಸಿ ಫೈಲಿನ ಹಾಗಿರುತ್ತದೆ. ಲೈಸೆನ್ಸ್ ಮಾತ್ರ ಮೊದಲೇ ಯೋಚಿಸಿ. ಬಿಎಸ್‌ಡಿ ಮತ್ತು ಜಿಪಿಎಲ್ ಅನ್ನುವ ಎರಡೂ ಲೈಸೆನ್ಸ್ ಕೊಟ್ಟರೆ ಬಿಎಸ್‌ಡಿ ಸಿಸ್ಟಂ, ಲಿನಕ್ಸ್ ಎರಡೂ ಕಡೆ ಹೋಗಬಹುದು.

ಡೈರಿಯ ಮಷೀನು ಈಗಲೂ ಓಡುತ್ತಿದೆಯಾ ಅಂತ ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಓಡುತ್ತಿದೆ. ಪಕ್ಕದ ಎರಡು ಊರಿಗೂ ಹೋಯಿತು. ಹೋದ ವರ್ಷ ಒಂದು ಸುಧಾರಣೆ ಮಾಡಿದೆ. ಖಾಲಿ ಪಾತ್ರೆಯ ತೂಕ ಕಳೆಯೋದಕ್ಕೆ ಸೆಕ್ರೆಟರಿ ಬಟನ್ ಒತ್ತಬೇಕಿಲ್ಲ, ಕಂಪ್ಯೂಟರೇ ಆ ‘ಟಿ’ ಅಕ್ಷರ ಕಳಿಸುತ್ತದೆ. ಎರಡು ಊರಲ್ಲಿ ಸರಿಯಾಯಿತು. ಮೂರನೆಯದರಲ್ಲಿ, ಅಂದರೆ ನಮ್ಮೂರಲ್ಲೇ, ಏನು ಮಾಡಿದರೂ ಮಷೀನು ಅಲ್ಲಾಡಲಿಲ್ಲ. ಎರಡು ದಿನ ಕೋಡ್ ನೋಡಿದೆ, ಬೋರ್ಡ್ ಬದಲಾಯಿಸಿದೆ. ಕೊನೆಗೆ ಕನೆಕ್ಟರ್ ಬಿಚ್ಚಿದರೆ ಮೂರನೇ ಪಿನ್ನಿನ ವೈರು ಕತ್ತರಿಸಿ, ತುದಿಗೆ ನೀಟಾಗಿ ಟೇಪು ಸುತ್ತಿದೆ. ಕಂಪ್ಯೂಟರಿನಿಂದ ಮಷೀನಿಗೆ ಮಾತು ಹೋಗುವ ವೈರೇ ಅದು. ಕೇಳಿದರೆ ನಮ್ಮೂರಿನ ಎಲೆಕ್ಟ್ರಿಷಿಯನ್ ಹೇಳಿದರು: “ಮೊದಲ್ನೇ ದಿನ ತೂಕ ಸೊನ್ನೆ ಆಗ್ತಿತ್ತಲ್ಲ ಸಾರ್, ಆವತ್ತೇ ನಾನು ಅದನ್ನ ಸರಿ ಮಾಡಿದ್ದೆ.”